ಪ್ರತಿಕಾಯ ಇದ್ದೂ ರಕ್ಷಣೆ ಏಕಿಲ್ಲ? ಎಚ್‌ಐವಿ ತಳಿಗಳ ಲೆಕ್ಕಾಚಾರ

ಹೆಪಟೈಟಿಸ್ ಬಿ ಲಸಿಕೆ ಹಾಕಿಸಿಕೊಂಡವರ ರಕ್ತದಲ್ಲಿ ಪ್ರತಿಕಾಯ ಸಾಕಷ್ಟಿದೆ ಎಂದು ವರದಿ ಬಂದರೆ ವೈದ್ಯರು ನೆಮ್ಮದಿಯಿಂದ ಮನೆಗೆ ಕಳಿಸುತ್ತಾರೆ. ಅದೇ ಎಚ್‌ಐವಿ ಪ್ರತಿಕಾಯ ಕಂಡಿತೆಂದರೆ ಸೋಂಕು ತಗುಲಿದೆ ಎಂದೇ ಅರ್ಥ, ಕೂಡಲೇ ಚಿಕಿತ್ಸೆ ಶುರು ಮಾಡಬೇಕು. ಪ್ರತಿಕಾಯ ಎನ್ನುವುದು ಒಂದು ಕಡೆ ರಕ್ಷಣೆಯ ಗುರುತು, ಇನ್ನೊಂದು ಕಡೆ ರೋಗದ ಗುರುತು. ಇದು ಹೇಗೆ?

ಪ್ರತಿಕಾಯವು ವೈರಾಣುವಿಗೆ ಅಂಟಿಕೊಳ್ಳುವುದು ಬೇರೆ, ವೈರಾಣು ಜೀವಕೋಶದೊಳಗೆ ನುಗ್ಗದಂತೆ ತಡೆಯುವುದು ಬೇರೆ. ಎಚ್‌ಐವಿ ಸೋಂಕಾದವರಲ್ಲಿ ಮೊದಲನೆಯ ಬಗೆಯ ಪ್ರತಿಕಾಯಗಳು ಧಾರಾಳವಾಗಿ ಹುಟ್ಟುತ್ತವೆ. ಎರಡನೆಯ ಬಗೆಯವು ತಡವಾಗಿ, ಅಲ್ಪಸ್ವಲ್ಪವಾಗಿ, ಬಹುಪಾಲು ಆ ಒಬ್ಬರ ಮೈಯಲ್ಲಿರುವ ವೈರಾಣುವಿಗಷ್ಟೇ ಸರಿಹೊಂದುವಂತೆ ಹುಟ್ಟುತ್ತವೆ. ಆಸ್ಪತ್ರೆಯ ಐಸಿಟಿಸಿ ಎಂಬ ಎಚ್‌ಐವಿ ಪರೀಕ್ಷಾ ಕೇಂದ್ರದಲ್ಲಿ ಬೆರಳ ತುದಿಯ ಹನಿ ರಕ್ತ ಹಾಕಿ ನೋಡುವ ಕಿಟ್‌ಗೆ ಮೊದಲ ಬಗೆಯವೇ ಸಾಕು. ವೈರಾಣುವಿನ ಜಿಪಿ41 ಎಂಬ ಪ್ರೋಟೀನಿನಲ್ಲಿ ಒಂದು ಪುಟ್ಟ ಭಾಗವಿದೆ. ತಳಿ ಯಾವುದೇ ಇರಲಿ, ಅದು ಹೆಚ್ಚು ಬದಲಾಗುವುದಿಲ್ಲ, ಅದರ ವಿರುದ್ಧ ಬಹುತೇಕ ಎಲ್ಲರ ದೇಹವೂ ಪ್ರತಿಕಾಯ ತಯಾರಿಸುತ್ತದೆ. ಕಿಟ್ ಹಿಡಿಯುವುದು ಮುಖ್ಯವಾಗಿ ಆ ಪ್ರತಿಕಾಯವನ್ನು. ಆದ್ದರಿಂದಲೇ ಬೇರೆ ಖಂಡದಲ್ಲಿ ತಯಾರಾದ ಕಿಟ್ ಬಳ್ಳಾರಿಯಲ್ಲೂ ಕೆಲಸ ಮಾಡುತ್ತದೆ. ಇದಕ್ಕೂ ಮಿತಿಯುಂಟು. ಕ್ಯಾಮರೂನ್ ಸುತ್ತಮುತ್ತ ಕಾಣುವ 'ಓ' ಗುಂಪಿನ ವೈರಾಣು ಎಷ್ಟು ಭಿನ್ನವೆಂದರೆ, 1990ರ ದಶಕದಲ್ಲಿ ಬಳಕೆಯಲ್ಲಿದ್ದ ಕೆಲವು ಪರೀಕ್ಷೆಗಳು ಆ ಸೋಂಕನ್ನು ಹಿಡಿಯಲಾರದೆ ಹೋದವು. ಆಮೇಲೆ ಕಿಟ್‌ಗಳಿಗೆ ಆ ಗುಂಪಿನ ಪ್ರೋಟೀನನ್ನೂ ಸೇರಿಸಬೇಕಾಯಿತು.

ಎಚ್‌ಐವಿ ಎಂದು ಒಂದೇ ಹೆಸರಿನಲ್ಲಿ ಕರೆಯುವುದು ನಿಜಕ್ಕೂ ಒಂದು ದೊಡ್ಡ ಬಳಗವನ್ನು. ಕ್ಯಾಮರೂನಿನ ಆಗ್ನೇಯ ಭಾಗದ ಚಿಂಪಾಂಜಿಗಳಿಂದ ಮನುಷ್ಯರಿಗೆ ದಾಟಿದ ಒಂದು ಕವಲಿಗೆ 'ಎಂ' ಗುಂಪು ಎಂದು ಹೆಸರು. 1920ರ ಸುಮಾರಿಗೆ ಅದು ಈಗಿನ ಕಿನ್ಶಾಸಾ ನಗರದಲ್ಲಿ ಬೇರುಬಿಟ್ಟು, ರೈಲು ದಾರಿ, ನದಿ ದಾರಿ ಹಿಡಿದು ಹರಡಿತು ಎಂಬುದು ವಂಶವಾಹಿಗಳ ಲೆಕ್ಕದಿಂದ ತಿಳಿದುಬಂದ ಸಂಗತಿ. ಜಗತ್ತಿನ ಸೋಂಕುಗಳಲ್ಲಿ ಬಹುಪಾಲು ಈ ಗುಂಪಿನದೇ. ಅದರೊಳಗೆ ಎ, ಬಿ, ಸಿ, ಡಿ ಎನ್ನುತ್ತ ಹಲವು ಉಪತಳಿಗಳು. ಎರಡು ಉಪತಳಿಗಳು ಒಬ್ಬರದೇ ದೇಹದಲ್ಲಿ ಬೆರೆತು ಹುಟ್ಟಿ, ಆಮೇಲೆ ಜನರಲ್ಲಿ ಹರಡಿದ ಮಿಶ್ರತಳಿಗಳು ನೂರಕ್ಕೂ ಹೆಚ್ಚು. ಅಮೆರಿಕ, ಪಶ್ಚಿಮ ಯುರೋಪುಗಳಲ್ಲಿ ಬಿ ಹೆಚ್ಚು, ಥಾಯ್ಲೆಂಡಿನಲ್ಲಿ ಎಇ ಎಂಬ ಮಿಶ್ರತಳಿ, ದಕ್ಷಿಣ ಆಫ್ರಿಕಾ ಮತ್ತು ಭಾರತದಲ್ಲಿ ಸಿ. ಜಗತ್ತಿನ ಸೋಂಕಿನಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಸಿ ಉಪತಳಿಯದು, ನಮ್ಮ ದೇಶದಲ್ಲಂತೂ ಶೇ 90ಕ್ಕೂ ಹೆಚ್ಚು. ಆದರೂ ಸಂಶೋಧನೆಯ ದುಡ್ಡು ಬಹುಕಾಲ ಹರಿದದ್ದು ಶ್ರೀಮಂತ ದೇಶಗಳ ಬಿ ಉಪತಳಿಯ ಕಡೆಗೇ. ಈಚೆಗಷ್ಟೇ ಇದು ಸರಿಹೋಗುತ್ತಿದೆ.

ಇಷ್ಟೊಂದು ಬಗೆ ಹುಟ್ಟುವುದು ವೈರಾಣುವಿನ ನಕಲು ಕೆಲಸದ ಒರಟುತನದಿಂದ. ಎಚ್‌ಐವಿಯ ವಂಶಲಿಪಿ ಬರೀ 9,700 ಅಕ್ಷರಗಳಷ್ಟು. ಅದನ್ನು ಆರ್‌ಎನ್‌ಎಯಿಂದ ಡಿಎನ್‌ಎಗೆ ಬರೆಯುವ ಕಿಣ್ವಕ್ಕೆ ತಪ್ಪು ತಿದ್ದುವ ಅಭ್ಯಾಸವೇ ಇಲ್ಲ. ಚಿಕಿತ್ಸೆ ಇಲ್ಲದ ವ್ಯಕ್ತಿಯ ದೇಹದಲ್ಲಿ ದಿನಕ್ಕೆ ಸುಮಾರು 1,000 ಕೋಟಿ ಹೊಸ ವೈರಾಣುಗಳು ಹುಟ್ಟುತ್ತವೆ. ಹಾಗಾಗಿ ಆಗಬಹುದಾದ ಪ್ರತಿಯೊಂದು ಒಂಟಿ ಅಕ್ಷರದ ತಪ್ಪೂ ದಿನಕ್ಕೆ ಹಲವು ಸಲ ಆಗಿಹೋಗುತ್ತದೆ. ಒಂದೇ ಉಪತಳಿಗೆ ಸೇರಿದ ಎರಡು ವೈರಾಣುಗಳ ಹೊರಕವಚದ ಪ್ರೋಟೀನಿನಲ್ಲೇ ಶೇ 20ರವರೆಗೆ ವ್ಯತ್ಯಾಸ ಇರಬಹುದು, ಬೇರೆಬೇರೆ ಉಪತಳಿಗಳ ನಡುವೆ ಶೇ 35ರವರೆಗೆ. ಇದರ ಅಗಾಧತೆ ತಿಳಿಯಬೇಕಾದರೆ ಫ್ಲೂ ವೈರಾಣುವನ್ನು ಪಕ್ಕಕ್ಕಿಟ್ಟು ನೋಡಬೇಕು. ಫ್ಲೂ ಲಸಿಕೆಯನ್ನು ಪ್ರತಿವರ್ಷ ಬದಲಿಸುವುದು ವೈರಾಣು ಬದಲಾಗುತ್ತದೆ ಎಂಬ ಕಾರಣಕ್ಕೆ ತಾನೆ? ಒಂದು ವರ್ಷದಲ್ಲಿ ಇಡೀ ಜಗತ್ತಿನಲ್ಲಿ ಕಂಡ ಒಂದು ಬಗೆಯ ಫ್ಲೂವಿನ ವೈವಿಧ್ಯವನ್ನೂ, ಆರು ವರ್ಷದ ಹಿಂದೆ ಸೋಂಕಾದ ಒಬ್ಬರೇ ಒಬ್ಬರ ಮೈಯಲ್ಲಿದ್ದ ಎಚ್‌ಐವಿ ವೈವಿಧ್ಯವನ್ನೂ ಅಮೆರಿಕದ ವಿಜ್ಞಾನಿಗಳು 2001ರಲ್ಲಿ ಹೋಲಿಸಿದರು. ಎರಡೂ ಹೆಚ್ಚುಕಡಿಮೆ ಒಂದೇ ಅಳತೆಗೆ ಬಂದವು.

ಇನ್ನು ಪ್ರತಿಕಾಯ ಎಲ್ಲಿಗೆ ಅಂಟಬೇಕು ಎಂದು ನೋಡೋಣ. ಎಚ್‌ಐವಿಯ ಮೈಮೇಲೆ ಮುಳ್ಳುಗಳಿವೆ. ಒಂದೊಂದು ಮುಳ್ಳಿನಲ್ಲೂ ಜಿಪಿ120, ಜಿಪಿ41 ಎಂಬ ಜೋಡಿ ಮೂರು ಸಲ ಇರುತ್ತದೆ. ನಮ್ಮ ಸಿಡಿ4 ಬಿಳಿ ರಕ್ತಕಣಕ್ಕೆ ವೈರಾಣು ತಗುಲಿಕೊಳ್ಳುವುದು ಈ ಮುಳ್ಳಿನಿಂದಲೇ, ಆದ್ದರಿಂದ ತಡೆಯಬೇಕಾದ ಜಾಗವೂ ಇದೇ. ಆದರೆ ಪ್ರತಿಕಾಯಕ್ಕೆ ಇಲ್ಲಿ ಹೆಜ್ಜೆಹೆಜ್ಜೆಗೂ ಅಡ್ಡಿ. ಮೊದಲನೆಯದಾಗಿ, ಜಿಪಿ120ರ ತೂಕದಲ್ಲಿ ಅರ್ಧದಷ್ಟು ಪ್ರೋಟೀನೇ ಅಲ್ಲ, ಸಕ್ಕರೆಯ ಸರಪಳಿಗಳು. ಈ ಸಕ್ಕರೆಯನ್ನು ಹೆಣೆದದ್ದು ವೈರಾಣುವಲ್ಲ, ನಮ್ಮದೇ ಜೀವಕೋಶ. ಮನೆಯವರದೇ ಬಟ್ಟೆ ತೊಟ್ಟು ಒಳಹೊಕ್ಕ ಕಳ್ಳನನ್ನು ನಾಯಿ ಬೊಗಳದೆ ಬಿಡುವ ಹಾಗೆ, ರೋಗನಿರೋಧಕ ವ್ಯವಸ್ಥೆ ಈ ಸಕ್ಕರೆಯನ್ನು ಕಂಡು ಸುಮ್ಮನಾಗುತ್ತದೆ. ಸಕ್ಕರೆಯ ನಡುವೆ ಇಣುಕುವ ಪ್ರೋಟೀನಿನ ಕುಣಿಕೆಗಳು ಕಣ್ಣಿಗೆ ಬೀಳುತ್ತವೆ ನಿಜ, ಆದರೆ ಅವು ಹೇಗೆ ಬೇಕಾದರೂ ಬದಲಾಗಬಲ್ಲವು. ವೈರಾಣುವಿಗೆ ಅದರಿಂದ ನಷ್ಟ ಕಡಿಮೆ. ಬದಲಾಗಲು ಆಗದ ಜಾಗವೆಂದರೆ ಸಿಡಿ4ಗೆ ಕೂಡಿಕೊಳ್ಳುವ ತಗ್ಗು. ಅದು ಒಳಗೆ ಹುದುಗಿದೆ, ಅಲ್ಲಿಗೆ ಪ್ರತಿಕಾಯ ಸರಿಯಾದ ಕೋನದಲ್ಲೇ ನುಗ್ಗಬೇಕು. ಸಾಲದ್ದಕ್ಕೆ ಒಂದು ವೈರಾಣುವಿನ ಮೇಲೆ ಇರುವುದೇ ಹದಿನಾಲ್ಕರ ಆಸುಪಾಸಿನ ಮುಳ್ಳುಗಳು. ಫ್ಲೂ ವೈರಾಣುವಿನ ಮೇಲೆ ನೂರಾರು ಇರುತ್ತವೆ. ಪ್ರತಿಕಾಯಕ್ಕೆ ಎರಡು ತೋಳುಗಳಿದ್ದು ಎರಡರಿಂದಲೂ ಹಿಡಿದಾಗ ಅದರ ಪಟ್ಟು ಬಿಗಿ. ಎಚ್‌ಐವಿಯ ಮುಳ್ಳುಗಳು ದೂರದೂರ ಇರುವುದರಿಂದ ಸಾಮಾನ್ಯವಾಗಿ ಒಂದೇ ತೋಳಿಗೆ ಹಿಡಿತ ಸಿಗುತ್ತದೆ. ಜತೆಗೆ ಮುರಿದ ಮುಳ್ಳುಗಳ ಮೋಸ ಬೇರೆ. ಕೆಲಸಕ್ಕೆ ಬಾರದ ಅವುಗಳ ವಿರುದ್ಧ ದೇಹ ರಾಶಿಗಟ್ಟಲೆ ಪ್ರತಿಕಾಯ ತಯಾರಿಸಿ ಶಕ್ತಿ ಕಳೆದುಕೊಳ್ಳುತ್ತದೆ.

ಸೋಂಕಾದ ಮೇಲೆ ಆಗುವುದೇನು? ಮೊದಲ ಕೆಲವು ವಾರಗಳಲ್ಲೇ ಜಿಪಿ41ರ ವಿರುದ್ಧ ಪ್ರತಿಕಾಯಗಳು ಬರುತ್ತವೆ. ವೈರಾಣುವಿಗೆ ಅವುಗಳಿಂದ ಯಾವ ತೊಂದರೆಯೂ ಇಲ್ಲ. ಕೆಲವು ತಿಂಗಳ ನಂತರ ನಿಜವಾಗಿ ತಡೆಯುವ ಪ್ರತಿಕಾಯಗಳು ಹುಟ್ಟುತ್ತವೆ, ಆದರೆ ಅವು ಆ ವ್ಯಕ್ತಿಯ ದೇಹಕ್ಕೆ ಮೊದಲು ಹೊಕ್ಕ ವೈರಾಣುವಿಗೆ ಮಾತ್ರ ಹೊಂದುವಂಥವು. ಅಷ್ಟರಲ್ಲಿ ಯಾವುದೋ ಒಂದು ವೈರಾಣು ಕುಣಿಕೆಯ ಒಂದು ಅಮೈನೋ ಆಮ್ಲ ಬದಲಿಸಿಕೊಂಡಿರುತ್ತದೆ, ಇಲ್ಲವೇ ಸಕ್ಕರೆಯ ಒಂದು ಸರಪಳಿಯನ್ನು ಪಕ್ಕಕ್ಕೆ ಸರಿಸಿರುತ್ತದೆ. ಅದೊಂದೇ ಬದುಕಿ ಬೆಳೆಯುತ್ತದೆ. 2003ರಲ್ಲಿ ಪ್ರಕಟವಾದ ಎರಡು ಅಧ್ಯಯನಗಳು ಇದನ್ನು ಎತ್ತಿ ತೋರಿಸಿದವು: ಒಬ್ಬ ರೋಗಿಯ ಇಂದಿನ ರಕ್ತದ್ರವ ಅವರದೇ ಆರು ತಿಂಗಳ ಹಿಂದಿನ ವೈರಾಣುವನ್ನು ಚೆನ್ನಾಗಿ ತಡೆಯುತ್ತದೆ, ಇಂದಿನ ವೈರಾಣುವನ್ನು ತಡೆಯುವುದಿಲ್ಲ. ಪ್ರತಿಕಾಯ ಎಂದೂ ನಿನ್ನೆಯ ವೈರಾಣುವಿನ ಮೇಲೇ ಗೆಲ್ಲುತ್ತಿರುತ್ತದೆ.

ಈ ಬೆನ್ನಟ್ಟುವಿಕೆ ಎರಡು ಮೂರು ವರ್ಷ ನಡೆದಾಗ ಕೆಲವರಲ್ಲಿ ಬೇರೇನೋ ಆಗುತ್ತದೆ. ನೂರು ಸೋಂಕಿತರಲ್ಲಿ ಹತ್ತರಿಂದ ಮೂವತ್ತು ಮಂದಿಯ ರಕ್ತ ತಾನೆಂದೂ ಕಂಡಿರದ, ಬೇರೆ ದೇಶದ, ಬೇರೆ ಉಪತಳಿಯ ವೈರಾಣುಗಳನ್ನೂ ತಡೆಯತೊಡಗುತ್ತದೆ. ನೂರರಲ್ಲೊಬ್ಬರ ರಕ್ತಕ್ಕಂತೂ ಈ ಶಕ್ತಿ ಅಸಾಧಾರಣ ಮಟ್ಟದಲ್ಲಿರುತ್ತದೆ. ಇಂಥ ಪ್ರತಿಕಾಯಗಳನ್ನು ಪ್ರಯೋಗಾಲಯದವರು 'ಬಿನ್ಯಾಬ್' ಎಂದು ಕರೆಯುತ್ತಾರೆ. ನಾವು ವ್ಯಾಪಕ ಪ್ರತಿಕಾಯ ಎನ್ನೋಣ. 2009ರಲ್ಲಿ ಆಫ್ರಿಕಾದ ದಾನಿಯೊಬ್ಬರ ರಕ್ತದಿಂದ ಪಿಜಿ9, ಪಿಜಿ16 ಸಿಕ್ಕವು. ಮರುವರ್ಷ ಅಮೆರಿಕದ ಲಸಿಕೆ ಸಂಶೋಧನಾ ಕೇಂದ್ರ ವಿಆರ್‌ಸಿ01 ಅನ್ನು ಹುಡುಕಿತು. ಅಲ್ಲಿಂದೀಚೆಗೆ ಇಂಥವು ನೂರಾರು ದೊರಕಿವೆ.

ವಿಆರ್‌ಸಿ01 ಅಂಟುವುದು ನೇರವಾಗಿ ಸಿಡಿ4 ತಗ್ಗಿಗೇ. ಅಷ್ಟು ಕಷ್ಟದ ಜಾಗಕ್ಕೆ ಹೊಂದಿಕೊಳ್ಳಲು ಅದು ತನ್ನನ್ನು ತಾನೇ ತಿದ್ದಿಕೊಂಡ ಪರಿ ಬೆರಗು ಹುಟ್ಟಿಸುವಂಥದ್ದು. ಪ್ರತಿಕಾಯ ತಯಾರಿಸುವ ಬಿ ಜೀವಕೋಶ ತನ್ನ ಪ್ರತಿಕಾಯದ ಜೀನನ್ನು ಸ್ವಲ್ಪಸ್ವಲ್ಪವಾಗಿ ತಿದ್ದುತ್ತ ಹೋಗುತ್ತದೆ. ಸಾಮಾನ್ಯ ಪ್ರತಿಕಾಯಗಳಲ್ಲಿ ಈ ತಿದ್ದುಪಡಿ ಶೇ 10ರ ಆಸುಪಾಸು. ವಿಆರ್‌ಸಿ01ರಲ್ಲಿ ಅದು ಹತ್ತಿರಹತ್ತಿರ ಮೂರನೇ ಒಂದು ಪಾಲು. ಇದಕ್ಕೆ ವರ್ಷಗಳೇ ಬೇಕು. ವಿಪರ್ಯಾಸವೆಂದರೆ, ವಿಆರ್‌ಸಿ01 ಯಾರ ರಕ್ತದಿಂದ ಬಂತೋ ಅವರ ಮೈಯಲ್ಲಿದ್ದ ವೈರಾಣು ಅಷ್ಟರಲ್ಲಾಗಲೇ ಅದರಿಂದ ತಪ್ಪಿಸಿಕೊಂಡಿತ್ತು. ಜಗತ್ತಿನ ಬೇರೆ ತಳಿಗಳಿಗೆ ಅದು ಮದ್ದು, ಹೆತ್ತವರಿಗೆ ಮಾತ್ರ ಅಲ್ಲ.

ಮತ್ತೊಂದು ಉದಾಹರಣೆ ದಕ್ಷಿಣ ಆಫ್ರಿಕಾದ ಕ್ವಾಜುಲು-ನಟಾಲ್ ಪ್ರಾಂತ್ಯದ್ದು. ಸಿಎಪಿ256 ಎಂಬ ಸಂಕೇತದ ಮಹಿಳೆಯೊಬ್ಬರಿಗೆ ಮೊದಲ ಸೋಂಕಾದ ಕೆಲವೇ ತಿಂಗಳಲ್ಲಿ ಇನ್ನೊಂದು ಸಿ ಉಪತಳಿಯ ವೈರಾಣು ಕೂಡ ಸೇರಿಕೊಂಡಿತು. ಅವರಲ್ಲಿ ವ್ಯಾಪಕ ಪ್ರತಿಕಾಯದ ಸಂತತಿಯನ್ನು ಎಬ್ಬಿಸಿದ್ದು ಆ ಎರಡನೆಯ ವೈರಾಣು. ಆಮೇಲೆ ದೇಹದೊಳಗೇ ಆ ವೈರಾಣು ಕವಲೊಡೆದು ಬಗೆಬಗೆಯಾದಂತೆ, ಅದರ ಎಲ್ಲ ರೂಪಗಳನ್ನೂ ಕಂಡ ಪ್ರತಿಕಾಯ ಅವೆಲ್ಲಕ್ಕೂ ಸಾಮಾನ್ಯವಾದ ಜಾಗವನ್ನೇ ಹಿಡಿಯಲು ಪಳಗಿತು. ಪ್ರತಿಕಾಯವನ್ನು ವಂಚಿಸುವ ವೈವಿಧ್ಯವೇ ಅದಕ್ಕೆ ಪಾಠ ಕಲಿಸಿತು ಎಂಬುದು ಲಸಿಕೆ ತಜ್ಞರ ತಲೆಯಲ್ಲಿ ಇಂದಿಗೂ ಕೊರೆಯುತ್ತಿರುವ ಸಂಗತಿ.

ವ್ಯಾಪಕ ಎಂದರೆ ಎಷ್ಟು ವ್ಯಾಪಕ? ಇದನ್ನು ಅಳೆಯುವ ಬಗೆ ತಿಳಿಯದೆ ಪತ್ರಿಕೆಯಲ್ಲಿ ಬರುವ ಯಾವ ಶೇಕಡಾವಾರು ಲೆಕ್ಕವೂ ಅರ್ಥವಾಗದು. ಬದುಕಿರುವ ಎಚ್‌ಐವಿಯನ್ನು ಬಳಸುವ ಬದಲು, ಒಂದು ತಳಿಯ ಮುಳ್ಳಿನ ಜೀನನ್ನಷ್ಟೇ ತೆಗೆದು, ಒಂದೇ ಸಲ ಕೋಶಕ್ಕೆ ನುಗ್ಗಬಲ್ಲ, ಮರಿ ಹಾಕಲಾರದ ಹುಸಿ ವೈರಾಣುವನ್ನು ಕಟ್ಟುತ್ತಾರೆ. 96 ಗುಳಿಗಳ ಪ್ಲಾಸ್ಟಿಕ್ ತಟ್ಟೆಯಲ್ಲಿ ಪ್ರತಿಕಾಯವನ್ನು ಗುಳಿಯಿಂದ ಗುಳಿಗೆ ತೆಳುಮಾಡುತ್ತ ಹೋಗಿ, ಪ್ರತಿ ಗುಳಿಗೂ ಅಷ್ಟೇ ಹುಸಿ ವೈರಾಣು ಬೆರೆಸಿ, ಒಂದು ತಾಸು ಬಿಟ್ಟು, ಟಿಜೆಡ್‌ಎಂ-ಬಿಎಲ್ ಎಂಬ ಕೋಶಗಳನ್ನು ಸುರಿಯುತ್ತಾರೆ. ವೈರಾಣು ಒಳನುಗ್ಗಿದರೆ ಆ ಕೋಶದಲ್ಲಿ ಮಿಂಚುಹುಳುವಿನ ಲೂಸಿಫರೇಸ್ ಕಿಣ್ವ ತಯಾರಾಗುತ್ತದೆ. ಎರಡು ದಿನ ಕಳೆದು ಯಂತ್ರದಲ್ಲಿಟ್ಟು ಬೆಳಕು ಅಳೆದರೆ ಆಯಿತು: ಬೆಳಕು ಹೆಚ್ಚಿದ್ದರೆ ವೈರಾಣು ಗೆದ್ದಿದೆ, ಕತ್ತಲಾಗಿದ್ದರೆ ಪ್ರತಿಕಾಯ ಗೆದ್ದಿದೆ. ಬೆಳಕನ್ನು ಅರ್ಧಕ್ಕೆ ಇಳಿಸಲು ಬೇಕಾದ ಪ್ರತಿಕಾಯದ ಪ್ರಮಾಣ ಐಸಿ50. ಐದರಲ್ಲಿ ನಾಲ್ಕು ಪಾಲು ಇಳಿಸಲು ಬೇಕಾದದ್ದು ಐಸಿ80. ಇದೇ ಪರೀಕ್ಷೆಯನ್ನು ನೂರಾರು ತಳಿಗಳ ಮೇಲೆ ಮಾಡಿದಾಗ ಎಷ್ಟು ತಳಿಗೆ ತಾಗುತ್ತದೆ, ಎಷ್ಟು ಕಡಿಮೆ ಪ್ರಮಾಣಕ್ಕೆ ತಾಗುತ್ತದೆ ಎಂಬ ಎರಡು ಲೆಕ್ಕಗಳು ಸಿಗುತ್ತವೆ. ಎರಡೂ ಬೇಕು. ಸುದ್ದಿಯಲ್ಲಿ ಬರುವುದು ಸಾಮಾನ್ಯವಾಗಿ ಮೊದಲನೆಯದು ಮಾತ್ರ.

ಉಪತಳಿಯ ಹೆಸರು ತಿಳಿದರೆ ಯಾವ ಪ್ರತಿಕಾಯ ನಾಟುತ್ತದೆಂದು ಹೇಳಬಹುದೇ? ಪೂರ್ತಿಯಾಗಿ ಇಲ್ಲ. ಒಂದೇ ಉಪತಳಿಯ ಎರಡು ವೈರಾಣುಗಳಲ್ಲಿ ಒಂದು ಸುಲಭಕ್ಕೆ ಸಿಕ್ಕಿಬಿದ್ದು ಇನ್ನೊಂದು ಜಗ್ಗದೆ ಇರುವುದು ಮಾಮೂಲು. ಆದರೂ ಕೆಲವು ಕಡೆ ಉಪತಳಿಯ ಗುರುತು ಎದ್ದು ಕಾಣುತ್ತದೆ, ಅದಕ್ಕೆ ಕಾರಣ ಸಕ್ಕರೆಯ ಜಾಗ. 2ಜಿ12 ಎಂಬ ಹಳೆಯ ಪ್ರತಿಕಾಯ ಸಕ್ಕರೆಗಳ ಒಂದು ಗುಂಪನ್ನೇ ಹಿಡಿಯುತ್ತದೆ. ಅದಕ್ಕೆ 295ನೆಯ ಸ್ಥಾನದ ಸಕ್ಕರೆ ಬೇಕು. ಸಿ ಉಪತಳಿಯ ಬಹುಪಾಲು ವೈರಾಣುಗಳಲ್ಲಿ ಅದು ಇರುವುದೇ ಇಲ್ಲ. ಹಾಗಾಗಿ ಬಿ ಉಪತಳಿಯ ಮೇಲೆ ಹೆಸರು ಮಾಡಿದ 2ಜಿ12 ಭಾರತದ ವೈರಾಣುವಿನ ಮುಂದೆ ಹೆಚ್ಚುಕಡಿಮೆ ನಿರುಪಯೋಗಿ. 10-1074 ಎಂಬ ಪ್ರಬಲ ಪ್ರತಿಕಾಯಕ್ಕೆ 332ನೆಯ ಸ್ಥಾನದ ಸಕ್ಕರೆ ಆಧಾರ. ಥಾಯ್ಲೆಂಡಿನ ಎಇ ತಳಿಯಲ್ಲಿ ಆ ಸಕ್ಕರೆ ಎರಡೇ ಸ್ಥಾನ ಸರಿದು 334ರಲ್ಲಿ ಕೂತಿರುತ್ತದೆ. ಅಷ್ಟಕ್ಕೇ 10-1074ರ ಹಿಡಿತ ತಪ್ಪುತ್ತದೆ.

ಪ್ರಯೋಗಾಲಯದ ಲೆಕ್ಕಕ್ಕೂ ಊರಿನಲ್ಲಿ ತಿರುಗುವ ವೈರಾಣುವಿಗೂ ಇರುವ ಅಂತರ ಬಯಲಾದದ್ದು ಎಎಂಪಿ ಎಂಬ ಪ್ರಯೋಗದಲ್ಲಿ. ಸೋಂಕಿಲ್ಲದ ಸುಮಾರು 4,600 ಮಂದಿ ಅದರಲ್ಲಿ ಪಾಲ್ಗೊಂಡರು. ಆಫ್ರಿಕಾದ ಕೇಂದ್ರಗಳಲ್ಲಿ ಮಹಿಳೆಯರು. ಉತ್ತರ, ದಕ್ಷಿಣ ಅಮೆರಿಕ ಮತ್ತು ಸ್ವಿಟ್ಜರ್‌ಲೆಂಡಿನಲ್ಲಿ ಪುರುಷರೊಂದಿಗೆ ಲೈಂಗಿಕ ಸಂಪರ್ಕವಿರುವ ಪುರುಷರು ಹಾಗೂ ಲಿಂಗತ್ವ ಅಲ್ಪಸಂಖ್ಯಾತರು. ಎಂಟು ವಾರಕ್ಕೊಮ್ಮೆಯಂತೆ ಹತ್ತು ಸಲ ಕೆಲವರಿಗೆ ವಿಆರ್‌ಸಿ01, ಕೆಲವರಿಗೆ ಬರೀ ಸಲೈನ್ ಡ್ರಿಪ್ ಹಾಕಲಾಯಿತು. 2010ರ ಪರೀಕ್ಷೆಯಲ್ಲಿ ವಿಆರ್‌ಸಿ01 ಸುಮಾರು 190 ತಳಿಗಳಲ್ಲಿ ಶೇ 91ರಷ್ಟನ್ನು ತಡೆದಿತ್ತು. 2021ರ ಮಾರ್ಚ್‌ನಲ್ಲಿ ಬಂದ ಫಲಿತಾಂಶದಲ್ಲಿ ಮಾತ್ರ ಒಟ್ಟಾರೆ ಸೋಂಕಿನ ಪ್ರಮಾಣದಲ್ಲಿ ಎರಡು ಗುಂಪುಗಳ ನಡುವೆ ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ.

ಅಲ್ಲಿಗೇ ಬಿಟ್ಟಿದ್ದರೆ ಅದನ್ನು ಸೋಲು ಎನ್ನಬೇಕಿತ್ತು. ಆದರೆ ಸಂಶೋಧಕರು ಸೋಂಕಾದವರ ವೈರಾಣುಗಳನ್ನು ಹೊರತೆಗೆದು ತಟ್ಟೆಯ ಪರೀಕ್ಷೆಗೆ ಒಡ್ಡಿದರು. ಮಿಲಿಲೀಟರಿಗೆ 1 ಮೈಕ್ರೋಗ್ರಾಂಗಿಂತ ಕಡಿಮೆ ಐಸಿ80 ಇದ್ದ, ಅಂದರೆ ಸುಲಭವಾಗಿ ಮಣಿಯುವ ತಳಿಗಳ ವಿರುದ್ಧ ವಿಆರ್‌ಸಿ01 ಸುಮಾರು ಶೇ 75ರಷ್ಟು ರಕ್ಷಣೆ ಕೊಟ್ಟಿತ್ತು. ತೊಂದರೆ ಏನೆಂದರೆ, ಆ ಪ್ರದೇಶಗಳಲ್ಲಿ ಹರಡುತ್ತಿದ್ದ ವೈರಾಣುಗಳಲ್ಲಿ ಅಂಥ ತಳಿಗಳು ಶೇ 30 ಮಾತ್ರ. ಹಳೆಯ ಶೇ 91 ಸುಳ್ಳಾಗಿರಲಿಲ್ಲ. ಅಲ್ಲಿ ಮಿಲಿಲೀಟರಿಗೆ 50 ಮೈಕ್ರೋಗ್ರಾಂವರೆಗೂ ಕೊಟ್ಟು, ವೈರಾಣುವಿನ ಅರ್ಧವನ್ನು ತಡೆದರೂ ಪಾಸು ಎಂದು ಎಣಿಸಿದ್ದರು. ನನ್ನ ಮಟ್ಟಿಗೆ ಈ ಕ್ಷೇತ್ರದಲ್ಲಿ ಇಷ್ಟು ಕಲಿಸಿದ ಪ್ರಯೋಗ ಇನ್ನೊಂದಿಲ್ಲ. ಪ್ರತಿಕಾಯದಿಂದ ಎಚ್‌ಐವಿಯನ್ನು ತಡೆಯಬಹುದು ಎಂದು ಮನುಷ್ಯರಲ್ಲಿ ಅದು ತೋರಿಸಿತು, ಎಷ್ಟು ಬಲ ಬೇಕು ಎಂಬುದಕ್ಕೆ ಅಳತೆಗೋಲು ಕೊಟ್ಟಿತು, ಒಂದೇ ಪ್ರತಿಕಾಯ ಸಾಲದು ಎಂಬುದನ್ನೂ ಖಚಿತಪಡಿಸಿತು.

ಆದ್ದರಿಂದ ಈಗ ಬೇರೆಬೇರೆ ಜಾಗಕ್ಕೆ ಅಂಟುವ ಎರಡು ಮೂರು ಪ್ರತಿಕಾಯಗಳನ್ನು ಒಟ್ಟಿಗೆ ಕೊಡುವ, ಇಲ್ಲವೇ ಒಂದೇ ಪ್ರತಿಕಾಯಕ್ಕೆ ಮೂರು ಗುರಿಗಳನ್ನು ಜೋಡಿಸುವ ಕೆಲಸ ನಡೆದಿದೆ. ಬೋಟ್ಸ್ವಾನಾದಲ್ಲಿ ಹುಟ್ಟಿದಾಗಿನಿಂದ ಚಿಕಿತ್ಸೆಯಲ್ಲಿದ್ದ 25 ಮಕ್ಕಳಿಗೆ ಮಾತ್ರೆ ನಿಲ್ಲಿಸಿ, ಹೆಚ್ಚು ದಿನ ರಕ್ತದಲ್ಲಿ ಉಳಿಯುವಂತೆ ತಿದ್ದಿದ ವಿಆರ್‌ಸಿ01 ಮತ್ತು 10-1074 ಜೋಡಿಯನ್ನು ಕೊಟ್ಟಾಗ 11 ಮಕ್ಕಳಲ್ಲಿ 24 ವಾರ ವೈರಾಣು ಹತೋಟಿಯಲ್ಲೇ ಇತ್ತು. ಅಲ್ಲಿಯದೂ ನಮ್ಮಂತೆಯೇ ಸಿ ಉಪತಳಿ.

ಭಾರತದಲ್ಲೂ ಕೆಲಸ ಆಗುತ್ತಿದೆ. ಸೋಂಕಿತ ಮಕ್ಕಳಲ್ಲಿ ವ್ಯಾಪಕ ಪ್ರತಿಕಾಯ ದೊಡ್ಡವರಿಗಿಂತ ಬೇಗ ಮೂಡುತ್ತದೆ ಎಂಬುದು ಹಲವು ಕಡೆ ಕಂಡುಬಂದಿದೆ. ದೆಹಲಿಯ ಏಮ್ಸ್ ತಂಡ ಸಿ ಉಪತಳಿಯ ಸೋಂಕಿದ್ದ ಮಗುವಿನ ರಕ್ತದಿಂದ ಏಮ್ಸ್-ಪಿ01 ಎಂಬ ವ್ಯಾಪಕ ಪ್ರತಿಕಾಯವನ್ನು ಬೇರ್ಪಡಿಸಿ 2019ರಲ್ಲಿ ಪ್ರಕಟಿಸಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಾಘವನ್ ವರದರಾಜನ್ ಅವರ ಪ್ರಯೋಗಾಲಯ ಎಚ್‌ಐವಿ ಮುಳ್ಳಿನ ತುಣುಕುಗಳನ್ನು ಲಸಿಕೆಗೆ ತಕ್ಕಂತೆ ರೂಪಿಸುವ ಕೆಲಸ ಮಾಡಿದೆ. ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಉದಯಕುಮಾರ್ ರಂಗ ಅವರ ತಂಡ, ಸಿ ಉಪತಳಿಯ ವಂಶಲಿಪಿಯಲ್ಲಿ ವೈರಾಣುವಿನ ಉತ್ಪಾದನೆ ಹೆಚ್ಚಿಸುವ ಗುಂಡಿಗಳ ಸಂಖ್ಯೆ ಮೂರರಿಂದ ನಾಲ್ಕಕ್ಕೆ ಏರಿದ ಹೊಸ ರೂಪಗಳು ದೇಶದಲ್ಲಿ ಹರಡುತ್ತಿರುವುದನ್ನು ತೋರಿಸಿತು. ವೈರಾಣು ನಮ್ಮೂರಿನಲ್ಲೂ ನಿಂತ ನೀರಾಗಿಲ್ಲ.

ಲಸಿಕೆಯ ಮಾತು ಚುಟುಕಾಗಿ ಹೇಳಬಹುದು, ಏಕೆಂದರೆ ಹೇಳಲು ಇರುವುದು ಕಡಿಮೆ. 2009ರಲ್ಲಿ ಥಾಯ್ಲೆಂಡಿನ ಪ್ರಯೋಗವೊಂದು ಶೇ 31ರಷ್ಟು ರಕ್ಷಣೆ ತೋರಿಸಿತು. ಅದೇ ಬಗೆಯ ಲಸಿಕೆಯನ್ನು ಸಿ ಉಪತಳಿಗೆ ಹೊಂದಿಸಿ ದಕ್ಷಿಣ ಆಫ್ರಿಕಾದಲ್ಲಿ ಕೊಟ್ಟಾಗ ಫಲ ಸಿಗದೆ 2020ರಲ್ಲಿ ನಿಲ್ಲಿಸಬೇಕಾಯಿತು. ಈಗಿನ ಆಸೆ ಇರುವುದು ಹಂತಹಂತದ ಲಸಿಕೆಯ ಮೇಲೆ: ವಿಆರ್‌ಸಿ01 ಆಗಬಲ್ಲ ಅಪರೂಪದ ಬಿ ಜೀವಕೋಶಗಳನ್ನು ಮೊದಲ ಚುಚ್ಚುಮದ್ದಿನಿಂದ ಎಬ್ಬಿಸುವುದು, ಮುಂದಿನ ಚುಚ್ಚುಮದ್ದುಗಳಿಂದ ಅವನ್ನು ಮೆಲ್ಲಗೆ ಪಳಗಿಸುವುದು. 2022ರಲ್ಲಿ ವರದಿಯಾದ ಮೊದಲ ಹಂತದಲ್ಲಿ ಲಸಿಕೆ ಪಡೆದ 36 ಮಂದಿಯಲ್ಲಿ 35 ಮಂದಿಗೆ ಆ ಕೋಶಗಳು ಎದ್ದವು. ಎಬ್ಬಿಸುವುದು ಸಾಧ್ಯ ಎಂದಾಯಿತು. ಕೊನೆತನಕ ಪಳಗಿಸಿ ರಕ್ಷಣೆ ಕೊಟ್ಟ ಲಸಿಕೆ ಇನ್ನೂ ಬಂದಿಲ್ಲ.

ಆದ್ದರಿಂದ 'ಎಚ್‌ಐವಿಯ ಶೇ 98 ತಳಿಗಳನ್ನು ಕೊಲ್ಲುವ ಪ್ರತಿಕಾಯ ಪತ್ತೆ' ಎಂಬ ತಲೆಬರಹ ಕಂಡಾಗ ಮೂರು ಪ್ರಶ್ನೆ ಕೇಳಿ: ತಟ್ಟೆಯಲ್ಲೋ, ಮನುಷ್ಯರಲ್ಲೋ? ಎಷ್ಟು ಪ್ರಮಾಣಕ್ಕೆ? ಪರೀಕ್ಷಿಸಿದ ತಳಿಗಳಲ್ಲಿ ಈಗ ಹರಡುತ್ತಿರುವ ಸಿ ಉಪತಳಿ ಎಷ್ಟು? ಸೋಂಕಿರುವವರು ಮಾತ್ರ ಈ ಲೆಕ್ಕ ಹಿಡಿದು ಕೂರಬೇಕಾಗಿಲ್ಲ. ಎಚ್‌ಐವಿ ಚಿಕಿತ್ಸೆಯ ಎಆರ್‌ಟಿ ಮಾತ್ರೆಗಳು ಕೆಲಸ ಮಾಡುವುದು ಮುಳ್ಳಿನ ಮೇಲಲ್ಲ, ವೈರಾಣುವಿನೊಳಗಿನ ಕಿಣ್ವಗಳ ಮೇಲೆ. ಈಗ ಕೊಡುವ ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಕೂಡಿದ ಮಾತ್ರೆ ಎಂ ಗುಂಪಿನ ಯಾವ ಉಪತಳಿಗಾದರೂ ನಡೆಯುತ್ತದೆ. ಸರ್ಕಾರಿ ಎಆರ್‌ಟಿ ಕೇಂದ್ರಗಳಲ್ಲಿ ಚಿಕಿತ್ಸೆ 2004ರಿಂದ ಉಚಿತ. ಅನುಮಾನ ಇದ್ದವರು 1097 ಸಹಾಯವಾಣಿಗೆ ಕರೆ ಮಾಡಬಹುದು, ಇಲ್ಲವೇ ಹತ್ತಿರದ ಐಸಿಟಿಸಿಗೆ ಹೋಗಿ ಪರೀಕ್ಷೆ ಮಾಡಿಸಿಕೊಳ್ಳಬಹುದು. ಸೋಂಕಿನ ಸಂಭವ ಆಗಿ ಕೆಲವೇ ದಿನವಾಗಿದ್ದರೆ ಪ್ರತಿಕಾಯ ಇನ್ನೂ ಮೂಡಿರುವುದಿಲ್ಲ, ಹಾಗಾಗಿ ಮೂರು ತಿಂಗಳಾದ ಮೇಲೆ ಮತ್ತೊಮ್ಮೆ ಪರೀಕ್ಷಿಸಿಕೊಳ್ಳಿ.